ಒಂದು ಗೇಣು ಮೇಲಿನಿಂದ

ಮೊದಲು ನಾನು ಅದನ್ನು ಒಣಗಿದ ಗಂಧ ಎಂದೇ ತಿಳಿದೆ. ಬಲಗೈಯ ನಡುಬೆರಳಿನ ತುದಿಯಲ್ಲಿ, ಉಗುರಿನ ಪಕ್ಕದಲ್ಲಿ ಒಂದು ಬಿಳಿ ಚುಕ್ಕೆ. ಬೆಳಗಾದರೆ ಗಂಧ ತೇಯುವವನ ಬೆರಳಿನಲ್ಲಿ ಗಂಧವಲ್ಲದೆ ಇನ್ನೇನು ಇರುತ್ತದೆ? ತೊಳೆದೆ, ಹೋಗಲಿಲ್ಲ. ತೆಂಗಿನ ನಾರಿನಿಂದ ಉಜ್ಜಿದೆ. ಕೊನೆಗೆ ದೇವರ ತಾಮ್ರದ ತಂಬಿಗೆ ತಿಕ್ಕಲು ಇಟ್ಟಿದ್ದ ಹುಣಸೆಹುಳಿಯನ್ನೇ ಬೆರಳಿಗೂ ಹಾಕಿ ತಿಕ್ಕಿದೆ. ತಂಬಿಗೆ ಥಳಥಳ ಎಂದಿತು, ಬೆರಳು ಉರಿಯಿತು, ಚುಕ್ಕೆ ಇದ್ದಲ್ಲೇ ಇತ್ತು.

ನನ್ನ ಹೆಂಡತಿ ಜಯಾ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. "ಇದು ಗಂಧ ಅಲ್ಲ" ಎಂದಳು. ದಿನವಿಡೀ ಮಾತಾಡುವವಳು ಅಷ್ಟಕ್ಕೇ ನಿಲ್ಲಿಸಿದ್ದು ನೋಡಿ ನನಗೆ ಭಯವಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಬೆರಳುಗಳ ತುದಿಯೆಲ್ಲ ಬೆಳ್ಳಗಾಗಿ, ತುಟಿಯ ಎರಡೂ ಕೊನೆ, ಹಣೆಯ ಒಂದು ಬದಿ ಕೂಡ ಬಣ್ಣ ಕಳೆದುಕೊಂಡಿದ್ದವು. ತೊನ್ನು. ಈ ಪದವನ್ನು ನನ್ನೆದುರು ಯಾರೂ ಆಡಲಿಲ್ಲ. ಬೆನ್ನ ಹಿಂದೆ ಆಡಿದ್ದು ಮಾತ್ರ ನನ್ನ ಕಿವಿಗೆ ಚೆನ್ನಾಗಿಯೇ ಬಿತ್ತು.

ನಾನು ಯಾರೆಂದು ಹೇಳದಿದ್ದರೆ ಇದರ ಕಷ್ಟ ನಿಮಗೆ ಅರ್ಥವಾಗುವುದಿಲ್ಲ. ಮೂರ್ನಾಡಿನಿಂದ ಸ್ವಲ್ಪ ಒಳಗೆ ಒಂದು ಸುಬ್ರಹ್ಮಣ್ಯ ದೇವಸ್ಥಾನ, ಅದರ ಹಿಂದೆ ನಾಗನ ಬನ. ಅಜ್ಜನ ಕಾಲದಿಂದಲೂ ಪೂಜೆ ನಮ್ಮದು. ಸುತ್ತಲಿನ ಊರುಗಳಲ್ಲಿ ಯಾರ ಮೈಮೇಲೆ ಏನೇ ಎದ್ದರೂ, ಕಜ್ಜಿಯೋ ತುರಿಯೋ ಬಿಳಿ ಕಲೆಯೋ, ಜನ ಮೊದಲು ನಮ್ಮ ನಾಗನ ಹತ್ತಿರ ಬರುತ್ತಾರೆ. ಔಷಧಿ ಅಂಗಡಿಗೆ ಆಮೇಲೆ ಹೋಗುತ್ತಾರೆ. "ಸರ್ಪದ ದೋಷ ಇದೆ, ಒಂದು ಆಶ್ಲೇಷಾ ಬಲಿ ಮಾಡಿಸಿ" ಎಂದು ಅವರಿಗೆ ಹೇಳುತ್ತಿದ್ದವನು ನಾನೇ. ಈಗ ದೋಷ ನನ್ನ ಬೆರಳ ತುದಿಯಲ್ಲೇ ಬಂದು ಕೂತಿತ್ತು.

ಹಳೆಯ ಭಕ್ತರೊಬ್ಬರು ಹಣ್ಣುಕಾಯಿ ತಟ್ಟೆ ಕೊಡುತ್ತಾ ನನ್ನ ಕೈ ನೋಡಿದರು, ನಾಗನ ಬನದ ಕಡೆ ನೋಡಿದರು, ಮತ್ತೆ ನನ್ನ ಕೈ ನೋಡಿದರು. "ನಿಮಗೇ ಹೀಗಾದ್ರೆ ನಮ್ಮಂಥವರ ಗತಿ ಎಂತ ಭಟ್ರೇ?" ಎಂದರು. ಮರುಕವೋ, ಚುಚ್ಚು ಮಾತೋ? ನಾನಂತೂ ಚುಚ್ಚು ಮಾತೆಂದೇ ಇಟ್ಟುಕೊಂಡೆ.

ಅಂದಿನಿಂದ ನಾನು ಜನರ ಗಂಟಲನ್ನು ನೋಡಲು ಶುರುಮಾಡಿದೆ. ತೀರ್ಥ ಕೊಡುವಾಗ ಭಕ್ತರು ಅಂಗೈ ಬಟ್ಟಲು ಮಾಡಿ ಹಿಡಿಯುತ್ತಾರೆ, ನಾನು ಸಣ್ಣ ಸೌಟಿನಿಂದ ಎರೆಯುತ್ತೇನೆ, ಅವರು ಕುಡಿದು ಉಳಿದ ಹನಿಯನ್ನು ತಲೆಗೆ ಸವರಿಕೊಳ್ಳುತ್ತಾರೆ. ಕುಡಿಯದವರೂ ಇದ್ದಾರೆ. ಕೈಯನ್ನು ಬಾಯಿಯವರೆಗೆ ತಂದು, ತುಟಿ ಮುಟ್ಟಿಸದೆ, ನೇರ ತಲೆಗೆ ಒಯ್ಯುತ್ತಾರೆ. ನೋಡುವವರಿಗೆ ಎರಡೂ ಒಂದೇ. ವ್ಯತ್ಯಾಸ ಇರುವುದು ಗಂಟಲಿನಲ್ಲಿ. ಕುಡಿದವರ ಗಂಟಲು ಒಮ್ಮೆ ಮೇಲೆದ್ದು ಇಳಿಯುತ್ತದೆ. ಪೂಜೆಯ ಮಂತ್ರ ಬಾಯಲ್ಲಿ, ಕಣ್ಣು ಮಾತ್ರ ಗಂಟಲುಗಳ ಮೇಲೆ. ಇಂಥ ಪೂಜೆಯಿಂದ ಯಾರಿಗೆ ಪುಣ್ಯ ಬಂತೋ, ದೇವರೇ ಹೇಳಬೇಕು.

ಪ್ರಸಾದದ್ದು ಇದಕ್ಕಿಂತ ದೊಡ್ಡ ತಲೆನೋವು. ನಮ್ಮಲ್ಲಿ ಮಡಿಯಲ್ಲಿರುವ ಅರ್ಚಕ ಯಾರನ್ನೂ ಮುಟ್ಟುವುದಿಲ್ಲ. ಬಾಳೆಲೆಯ ಚೂರಿನಲ್ಲಿ ಗಂಧ, ಹೂವು ಇಟ್ಟು, ಒಂದು ಗೇಣು ಮೇಲಿನಿಂದ ಭಕ್ತರ ಕೈಗೆ ಹಾಕುತ್ತೇವೆ. ಅಜ್ಜ ಹಾಗೆ ಹಾಕಿದರು, ಅಪ್ಪ ಹಾಗೆ ಹಾಕಿದರು, ನಾನೂ ಹಾಗೆಯೇ. ಜನರ ಕೈ ಯಾವಾಗಲೂ ನನ್ನ ಕೈಯಿಂದ ದೂರವೇ ಇತ್ತು. ಈಗ ಅವರು ಇನ್ನೂ ದೂರ ಸರಿದಿದ್ದಾರೋ, ಅಥವಾ ಅದು ಎಂದಿನ ದೂರವೇ ಇರಬಹುದೋ? ನಾನೇ ಇಟ್ಟ ಗೇಣಿನಲ್ಲಿ ಅವರದ್ದೆಷ್ಟು ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಜಯಾಳ ಮೇಲೂ ಅನುಮಾನ ಬಂತು. ಸೋಮವಾರ ಮಾತ್ರ ದೇವಸ್ಥಾನಕ್ಕೆ ಬರುತ್ತಿದ್ದವಳು ಈಗ ದಿನಾ ಬಂದು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲತೊಡಗಿದಳು. ತೀರ್ಥವನ್ನು ಸುರ್ ಎಂದು ಸದ್ದು ಮಾಡಿ ಕುಡಿಯುತ್ತಿದ್ದಳು. ಒಂದು ದಿನ ಮನೆಯಲ್ಲಿ ಕೇಳಿಯೇಬಿಟ್ಟೆ, "ನೀನು ಜನರಿಗೆ ತೋರಿಸೋಕೆ ನಿಲ್ತೀಯಲ್ಲ?"

"ಹೌದು, ತೋರಿಸೋಕೇ ನಿಲ್ಲೋದು. ಏನೀಗ?" ಎಂದವಳೇ ಒಗ್ಗರಣೆಗೆ ಸಾಸಿವೆ ಸುರಿದಳು.

ಅವಳೇ ನನ್ನನ್ನು ಆಸ್ಪತ್ರೆಗೆ ಹೊರಡಿಸಿದ್ದು. ಮಡಿಕೇರಿ ಬೇಡವೆಂದೆ. ಅಲ್ಲಿ ಅರ್ಧ ಊರಿಗೆ ನನ್ನ ಗುರುತಿದೆ. ವಿರಾಜಪೇಟೆಯಲ್ಲಿ ಒಂದು ಚರ್ಮದ ಆಸ್ಪತ್ರೆ ಇದೆ ಎಂದು ಕೇಳಿದ್ದೆ. ಪಂಚೆ ಬಿಟ್ಟು ಪ್ಯಾಂಟು ಹಾಕಿ, ಜುಟ್ಟು ಕಾಣದಂತೆ ಟೋಪಿ ಹಾಕಿ, ಹಣೆಯ ಗಂಧ ಒರೆಸಿಕೊಂಡು ಬಸ್ ಹತ್ತಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ನನಗೇ ಗುರುತು ಸಿಗಲಿಲ್ಲ.

ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ. ಗ್ಲೌಸ್ ಹಾಕದೆ ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು, ತಿರುಗಿಸಿ ನೋಡಿದಳು. ಗ್ಲೌಸ್ ಯಾಕೆ ಹಾಕಲಿಲ್ಲ? ಮರೆತಳೋ, ಅಥವಾ ನನಗೆ ಧೈರ್ಯ ತುಂಬಲು ಬೇಕೆಂದೇ ಹಾಗೆ ಮಾಡಿದಳೋ? "ಇದು ಅಂಟೋದಿಲ್ಲ. ಯಾರಿಗೂ ಏನೂ ಆಗಲ್ಲ" ಎಂದಳು. "ಮುಖದ್ದು ವಾಸಿ ಆಗಬಹುದು. ಬೆರಳ ತುದಿದು ಮಾತ್ರ ಕಷ್ಟ, ಸುಳ್ಳು ಹೇಳಲ್ಲ." ಆ ಕೊನೆಯ ಮಾತು ಕೇಳಿ ನನಗೆ ಅವಳ ಮೇಲೆ ಸ್ವಲ್ಪ ನಂಬಿಕೆ ಹುಟ್ಟಿತು. ಸಮಾಧಾನಕ್ಕಾಗಿ ಮಾತಾಡುವವರು ಹೀಗೆ ಹೇಳುವುದಿಲ್ಲ.

ಮುಲಾಮು ಕೊಟ್ಟಳು, ಜೊತೆಗೆ ವಾರಕ್ಕೆ ಎರಡು ಸಲ ಬೆಳಕಿನ ಚಿಕಿತ್ಸೆ. ಬೀರುವಿನಂಥ ಒಂದು ಪೆಟ್ಟಿಗೆ. ಒಳಗೆ ಸುತ್ತ ನೀಲಿ ದೀಪದ ಕೊಳವೆಗಳು. ಅಂಗಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ, ಕೈ ಚಾಚಿ ನಿಲ್ಲಬೇಕು. ಅದು ಗುಂಯ್ ಎನ್ನುತ್ತದೆ, ಮೈ ಬೆಚ್ಚಗಾಗುತ್ತದೆ, ಮುಗಿಯಿತು. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಹೆದರಿಕೆ ಇದ್ದದ್ದು ಹೊರಗಿನ ಬೆಂಚಿನಲ್ಲಿ.

ಮೊದಲ ದಿನವೇ ಬೆಂಚಿನ ಮೇಲೆ ಇಬ್ಬರು ಇದ್ದರು. ಒಬ್ಬರು ದೊಡ್ಡ ಮೀಸೆಯ ಕೊಡವರು. ತೋಳು ಮಡಚಿದ ಅಂಗಿ, ಮೊಣಕೈ ಮೇಲೆ ಮೀನಿನ ಹುರುಪೆಯಂತೆ ಏಳುವ ಚರ್ಮ, ಕಾಲಿಗೆ ಫಳಫಳ ಹೊಳೆಯುವ ಬೂಟು. ನಾನು ಕೂರುವ ಮೊದಲೇ ಕೇಳಿದರು, "ಭಟ್ರಿಗೆ ಯಾವ ದೇವಸ್ಥಾನ?"

"ನಾನು ಮೇಷ್ಟ್ರು" ಎಂದೆ.

"ಹೌದಾ? ಮೆಟ್ಟಿಲು ಹತ್ತುವಾಗ ಪ್ಯಾಂಟನ್ನ ಎರಡೂ ಕೈಲಿ ಎತ್ತಿ ಹಿಡ್ಕೊಳ್ಳುವ ಮೇಷ್ಟ್ರನ್ನ ನಾನು ಇವತ್ತೇ ನೋಡಿದ್ದು."

ಬೆಂಚಿನ ಆಚೆ ತುದಿಯಲ್ಲಿದ್ದ ಹೆಂಗಸು ಗೊಳ್ಳೆಂದು ನಕ್ಕಳು. ಅವಳ ಕಣ್ಣಿನ ಸುತ್ತ, ಬಾಯಿಯ ಸುತ್ತ, ಎರಡೂ ಕೈ ಪೂರ್ತಿ ಬಿಳಿ. "ಉಕ್ಕಾರಿ ಸಾಮಿ, ಕೂತ್ಕೊಳ್ಳಿ. ಇಲ್ಲಿ ಎಲ್ರೂ ಕದ್ದು ಬಂದೋರೇ" ಎಂದಳು.

ಮೀಸೆಯವರು ಪೊನ್ನಪ್ಪ, ಸೈನ್ಯದಿಂದ ನಿವೃತ್ತರಾದವರು, ಊರು ಬಾಳೆಲೆ. ಪರಿಚಯದವರೆಲ್ಲ ಗೋಣಿಕೊಪ್ಪಕ್ಕೆ ಹೋಗುತ್ತಾರೆಂದು ಇವರು ಇಲ್ಲಿಗೆ ಬರುತ್ತಿದ್ದರು. ಹೆಂಗಸು ಸೆಲ್ವಿ, ಸಿದ್ದಾಪುರದಲ್ಲಿ ಹೊಲಿಗೆ ಅಂಗಡಿ. ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಹುಟ್ಟಿ ಬೆಳೆದ ತಮಿಳಿನವಳು. "ವಿರಾಜಪೇಟೆಯವರು ಎಲ್ಲಿ ಹೋಗ್ತಾರೆ ಹಾಗಾದ್ರೆ?" ಎಂದು ಕೇಳಿದೆ. "ಮಡಿಕೇರಿಗೆ" ಎಂದರು ಪೊನ್ನಪ್ಪ. ನಗು ಬಂತು. ತಿಂಗಳುಗಟ್ಟಲೆ ಆದಮೇಲೆ ನಾನು ನಕ್ಕದ್ದು ಅಂದೇ.

ಆದರೂ ನಂಬಲಿಲ್ಲ. ಪೊನ್ನಪ್ಪ ಪ್ರಶ್ನೆ ಕೇಳುವುದು ಜಾಸ್ತಿ. ಯಾವ ಊರು, ತಕ್ಕರು ಯಾರು, ಪೂಜೆ ದಿನಾ ಉಂಟಾ. ನಮ್ಮ ಕಡೆ ತಕ್ಕರೆಂದರೆ ದೇವಸ್ಥಾನದ ವಿಷಯದಲ್ಲಿ ಕೊನೆಯ ಮಾತು ಹೇಳುವ ಮನೆತನದ ಹಿರಿಯರು. ನಮ್ಮ ತಕ್ಕರು ಮುತ್ತಪ್ಪನವರು. ಕೊಡವರಲ್ಲಿ ಯಾರು ಯಾರಿಗೆ ನೆಂಟರಲ್ಲ ಹೇಳಿ? ನಾನು ಅರ್ಧ ಉತ್ತರ ಕೊಟ್ಟು ಅರ್ಧ ನುಂಗುತ್ತಿದ್ದೆ.

ಸೆಲ್ವಿಯ ಬಾಯಿಗೆ ಮಾತ್ರ ಬಾಗಿಲಿರಲಿಲ್ಲ. ಒಂದು ದಿನ ತನ್ನ ಅಂಗಡಿಯ ವಿಷಯ ತೆಗೆದಳು. "ಮುಂಚೆ ಹೆಂಗಸ್ರು ಬಂದು ಟೇಪ್ ಹಿಡಿ ಸೆಲ್ವೀಂತ ನಿಂತ್ಕೊಳ್ಳೋರು. ಈಗ ಎಲ್ರೂ ಅಳತೆ ಬ್ಲೌಸ್ ತಂದು ಟೇಬಲ್ ಮೇಲೆ ಇಟ್ಟು ಹೋಗ್ತಾರೆ ಸಾಮಿ. ಏನೂಂತ ಕೇಳೋದು? ಅಳತೆ ಬ್ಲೌಸ್ ಕೊಡೋದು ಎಲ್ಲಾ ಕಡೆ ಇರೋದೇ ಅಲ್ವಾ. ನನ್ ಕೈ ಬೇಡಾಂತ ತಂದ್ಲೋ, ಸುಲಭಾಂತ ತಂದ್ಲೋ, ಹೆಂಗ್ ಗೊತ್ತಾಗ್ಬೇಕು?"

ನಾನು ಅವಳ ಮುಖವನ್ನೇ ನೋಡಿದೆ. ನನ್ನ ಗೇಣಿನ ವಿಷಯ ಜಗತ್ತಿನಲ್ಲಿ ನನ್ನೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಇವಳು ಅದನ್ನು ಬ್ಲೌಸಿನಲ್ಲಿ ಹೇಳುತ್ತಿದ್ದಳು. ಎದೆ ಹಗುರಾಯಿತು, ಸುಳ್ಳು ಯಾಕೆ ಹೇಳಲಿ. ಅವಳ ಕಷ್ಟ ಕೇಳಿ ನನಗೆ ಅಷ್ಟು ಸಂತೋಷವಾಗಬಾರದಿತ್ತು, ಆದರೆ ಆಯಿತು.

ಅವಳು ಯಾವಾಗಲೂ ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದಳು, ಜೊತೆಗೆ ಪೇಪರಿನಲ್ಲಿ ಸುತ್ತಿದ ಸ್ಟೀಲ್ ಲೋಟಗಳು. ಸಿದ್ದಾಪುರದ ಹೋಟೆಲೊಂದರಲ್ಲಿ ಎಲ್ಲರಿಗೂ ಗಾಜಿನ ಲೋಟ ಕೊಟ್ಟು ಇವಳಿಗೆ ಮಾತ್ರ ಪೇಪರ್ ಕಪ್ ಕೊಟ್ಟಿದ್ದರಂತೆ. ಅಂದಿನಿಂದ ಹೊರಗಿನ ಟೀ ಬಿಟ್ಟಿದ್ದಳು. ಪೊನ್ನಪ್ಪನವರಿಗೆ ಒಂದು ಲೋಟ ಕೊಟ್ಟು, ನನಗೊಂದು ಚಾಚಿದಳು.

"ನಾನು ಹೊರಗೆ ಏನೂ ತಗೊಳ್ಳಲ್ಲಮ್ಮ" ಎಂದೆ. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದ ಮಾತು, ತಾನಾಗಿ ಹೊರಬಂತು.

ಸೆಲ್ವಿ ಲೋಟ ಹಿಂದಕ್ಕೆ ತೆಗೆಯಲಿಲ್ಲ. "ನನ್ ಮುಖ ನೋಡಿ ಬೇಡಾಂದ್ರೋ, ನನ್ ಜಾತಿ ನೋಡಿ ಬೇಡಾಂದ್ರೋ? ಯಾವ್ದೂಂತ ಹೇಳ್ಬಿಡಿ ಸಾಮಿ. ಬೇಜಾರಿಲ್ಲ. ಗೊತ್ತಾದ್ರೆ ಸಾಕು."

ಪೊನ್ನಪ್ಪ ಟೀ ಕುಡಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ನರ್ಸ್ ನನ್ನ ಹೆಸರು ಕರೆದಳು. ನಾನು ಪೆಟ್ಟಿಗೆಯೊಳಗೆ ಹೋಗಿ ಕಪ್ಪು ಕನ್ನಡಕ ಹಾಕಿಕೊಂಡು ನಿಂತೆ. ಮಡಿ ಎಂದು ಹೇಳಬಹುದಿತ್ತು. ಆದರೆ ಬಸ್ಸಿನಲ್ಲಿ ಬಂದವನು, ಮನೆಗೆ ಹೋಗಿ ಹೇಗೂ ಸ್ನಾನ ಮಾಡುವವನು, ಅಲ್ಲಿ ಎಲ್ಲಿತ್ತು ಮಡಿ? ಹೊರಗೆ ಬಂದಾಗ ಅವಳ ಸರದಿ, ಲೋಟ ಬೆಂಚಿನ ಮೇಲೆ ತಣ್ಣಗಾಗುತ್ತಿತ್ತು. ನಾನು ಬಸ್ ಹಿಡಿದೆ.

ಅದೇ ವಾರ ಮುತ್ತಪ್ಪನವರು ಮನೆಗೆ ಬಂದರು. ಒಳ್ಳೆಯ ಮನುಷ್ಯರು, ಅದಕ್ಕೇ ಅವರ ಮಾತು ಹೆಚ್ಚು ನೋಯಿಸಿತು. ಜಗಲಿಯಲ್ಲಿ ಕೂತು, ಕಾಫಿ ಕುಡಿದು, ಕಾಫಿ ಹೂವು ಈ ಸಲ ಹೇಗೆ ಎಂದೆಲ್ಲ ಮಾತಾಡಿ ಕೊನೆಗೆ ಹೇಳಿದರು, "ಒಳಗಿನ ಪೂಜೆ ನೀವೇ ಮಾಡಿ ಭಟ್ರೇ, ಅದಕ್ಕೆ ನಮ್ಮದೇನೂ ಇಲ್ಲ. ಹೊರಗೆ ತೀರ್ಥ ಪ್ರಸಾದಕ್ಕೆ ಮಾತ್ರ ಬೇರೆ ಭಟ್ರನ್ನ ಕರೆಸುವಾಂತ ಕೆಲವರು ಹೇಳ್ತಾ ಇದ್ದಾರೆ."

"ದೇವರಿಗೆ ತೊಂದರೆ ಇಲ್ಲ, ಜನರಿಗೆ ಇದೆ. ಅಷ್ಟೇ ಅಲ್ವಾ?" ಎಂದೆ.

"ನನಗೆ ಗೊತ್ತುಂಟು, ಅಂಟುವುದಿಲ್ಲಾಂತ. ವಿರಾಜಪೇಟೆಯಲ್ಲಿ ತೋರಿಸ್ತಾ ಇದ್ದೀರಲ್ಲ. ಬರುವ ಸಂಕ್ರಮಣಕ್ಕೆ ಜನ ಸೇರ್ತಾರೆ. ಅವತ್ತು ಹೇಗೆ ತಗೊಳ್ತಾರೆ ನೋಡಿ ತೀರ್ಮಾನ ಮಾಡುವ."

ನಾನು ಅವರ ಮಾತಿನಲ್ಲಿ ಹಿಡಿದದ್ದು ಒಂದೇ ಪದ, ವಿರಾಜಪೇಟೆ. ಜಯಾಳನ್ನು ಬಿಟ್ಟರೆ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಶಾಸ್ತ್ರದಲ್ಲಿ ಇಂಥ ರೋಗದವನು ಗರ್ಭಗುಡಿಗೆ ಕಾಲಿಡಬಾರದು ಎಂದು ವಾದಿಸುವವರೂ ಇದ್ದಾರೆ. ಇಂದು ತೀರ್ಥ ಬೇರೆಯವರ ಕೈಗೆ ಹೋದರೆ, ನಾಳೆ ಗರ್ಭಗುಡಿಯ ಬೀಗದ ಕೈಯೂ ಹೋಗುತ್ತದೆ. ಆ ಕೆಲಸ ಬಿಟ್ಟರೆ ನಾನು ಯಾರು? ಬೇರೆ ಯಾವುದನ್ನೂ ನಾನು ಕಲಿತವನಲ್ಲ, ಕಲಿಯುವ ಆಸೆಯೂ ಇರಲಿಲ್ಲ.

ಮುಂದಿನ ಸಲ ಆಸ್ಪತ್ರೆಯಲ್ಲಿ ಟೋಪಿ ತೆಗೆಯುವ ಮೊದಲೇ ಪೊನ್ನಪ್ಪನವರನ್ನು ಹಿಡಿದೆ. "ಮುತ್ತಪ್ಪನವರಿಗೆ ಯಾರು ಹೇಳಿದ್ದು?"

"ನಾನೇ ಹೇಳಿದ್ದು" ಎಂದರು, ಮೀಸೆ ಕೂಡ ಅಲುಗಲಿಲ್ಲ. "ಅವ ನನ್ನ ತಾಯಿ ಮನೆ ಕಡೆಯವ. ನಮ್ಮ ಭಟ್ರಿಗೆ ಹೀಗಾಗಿದೆ, ನೀನೂ ಚರ್ಮದ ಡಾಕ್ಟ್ರ ಹತ್ರ ಹೋಗ್ತೀಯಲ್ಲ, ಅದು ಅಂಟ್ತದಾಂತ ಫೋನ್ ಮಾಡಿ ಕೇಳಿದ. ಅಂಟುದಿಲ್ಲ, ಅವರು ನನ್ನ ಪಕ್ಕದಲ್ಲೇ ಕೂತ್ಕೊಳ್ತಾರೆ ಅಂದೆ."

"ಅಷ್ಟೇನಾ?"

"ಅಷ್ಟೇ."

ಅಷ್ಟೇ ಎನ್ನುವವರನ್ನು ನಾನು ನಂಬುವುದಿಲ್ಲ. "ನಿಮ್ಮ ಬೂಟು ಬಿಚ್ಚಿ ಕಾಲು ತೋರಿಸಿ ನೋಡುವ ನಿಮ್ಮ ಊರಿನವರಿಗೆ! ಬೇರೆಯವರ ರೋಗ ಹಂಚಿಕೊಂಡು ಬರೋದು ಸುಲಭ" ಎಂದುಬಿಟ್ಟೆ. ಅವರ ಊರಿನಲ್ಲಿ ಚಿಕ್ಕವರು ಹಿರಿಯರ ಕಾಲು ಮುಟ್ಟಿ ಆಶೀರ್ವಾದ ಬೇಡುತ್ತಾರೆ. ರೋಗ ಅವರ ಪಾದಕ್ಕೆ ಇಳಿದ ದಿನದಿಂದ ಮದುವೆ ಮನೆಯಲ್ಲೂ ಬೂಟು ಬಿಚ್ಚದವರು ಅವರು. ಇದನ್ನು ಅವರೇ ಒಮ್ಮೆ ನಗುನಗುತ್ತಾ ಹೇಳಿದ್ದರು. ಈಗ ನಗಲಿಲ್ಲ. ಸೆಲ್ವಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತಿದ್ದಳು.

ಆಮೇಲೆ ಸಂಕ್ರಮಣದವರೆಗೆ ನಾನು ಆಸ್ಪತ್ರೆಯ ಕಡೆ ಹೋಗಲಿಲ್ಲ. ಜಯಾ ಬೈದಳು. ನಿಜ ಹೇಳಬೇಕೆಂದರೆ, ಚಿಕಿತ್ಸೆ ತಪ್ಪಿದ್ದಕ್ಕಿಂತ ಆ ಬೆಂಚು ತಪ್ಪಿದ್ದೇ ನನ್ನನ್ನು ಹೆಚ್ಚು ಬಾಧಿಸಿತು. ಅದೊಂದೇ ಜಾಗದಲ್ಲಿ ನಾನು ಕೈ ಅಡಗಿಸದೆ ಕೂರುತ್ತಿದ್ದೆ.

ಸಂಕ್ರಮಣದ ದಿನ ಜನ ಸೇರಿದರು. ಎಂದಿಗಿಂತ ಹೆಚ್ಚೇ. ನೋಡಲು ಬಂದವರು ಎಷ್ಟೋ. ಮಂಗಳಾರತಿ ಮುಗಿಸಿ ತೀರ್ಥದ ಪಾತ್ರೆ ಹಿಡಿದು ಹೊಸಿಲಿಗೆ ಬಂದಾಗ ಸಾಲಿನ ಕೊನೆಯ ಹತ್ತಿರ ದೊಡ್ಡ ಮೀಸೆ ಕಂಡಿತು. ಪಕ್ಕದಲ್ಲಿ ಬಿಳಿ ಮುಖ. ಬಸ್ ಹಿಡಿದು ಬಂದಿದ್ದರು. ಸಂಕ್ರಮಣದ ವಿಷಯ ಮುತ್ತಪ್ಪನವರಿಂದಲೇ ತಿಳಿದಿರಬೇಕು. ಯಾಕೆ ಬಂದರು? ಪರೀಕ್ಷೆಯಲ್ಲಿ ನಾನು ಫೇಲಾಗುವುದನ್ನು ನೋಡಲೋ? ದೇವಸ್ಥಾನವಾದ್ದರಿಂದ ಪೊನ್ನಪ್ಪ ಬೂಟು, ಸಾಕ್ಸು ಎರಡೂ ಹೊರಗೆ ಬಿಟ್ಟಿದ್ದರು. ಕಲ್ಲಿನ ನೆಲದ ಮೇಲೆ ಅವರ ಪಾದಗಳು ಕೆಂಪಗೆ, ಒಡೆದು, ಎಲ್ಲರ ಕಣ್ಣಿಗೆ ಬೀಳುವಂತೆ ಇದ್ದವು. ಅವರ ಹಿಂದೆ ಮುಂದೆ ಜನ ಸ್ವಲ್ಪ ಜಾಗ ಬಿಟ್ಟು ನಿಂತಿದ್ದರು. ಅಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ, ಆ ಜಾಗ ಸ್ಪಷ್ಟವಾಗಿ ಕಾಣುತ್ತಿತ್ತು. ಪೊನ್ನಪ್ಪ ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು.

ಆಗ ನನಗೆ ತಿಳಿಯಿತು, ಜನ ಎಷ್ಟು ದೂರ ಎಂದು ತಿಳಿಯಬೇಕಾದರೆ ನನ್ನ ಗೇಣನ್ನು ನಾನು ಮೊದಲು ತೆಗೆಯಬೇಕು.

ಮೊದಲು ಜಯಾ. ಸೌಟಿನಿಂದ ತೀರ್ಥ ಎರೆದೆ. ಪ್ರಸಾದವನ್ನು ಮೇಲಿನಿಂದ ಹಾಕದೆ ಕೈ ಇಳಿಸಿ ಅವಳ ಅಂಗೈಯಲ್ಲೇ ಇಟ್ಟೆ. ಬೆರಳು ತಾಗಿತು. ಅವಳು ಬೆಚ್ಚಿದಳು. "ಮಡಿ?" ಎಂದು ಪಿಸುಗುಟ್ಟಿದಳು.

"ಆಮೇಲೆ ಸ್ನಾನ ಮಾಡ್ತೇನೆ" ಎಂದೆ.

ಎರಡನೆಯವರು ಮುತ್ತಪ್ಪನವರು. ಅವರು ಅಂಗೈ ಚಾಚಿದರು. ನನ್ನ ಬಿಳಿ ಬೆರಳು ಕೆಳಗಿಳಿದು ಬರುವುದನ್ನು ನೋಡಿ ಅವರ ಕೈ ತುಸು ಕೆಳಗೆ ಸರಿಯಿತು. ನನ್ನ ಕೈಯೂ ಹಿಂದೆಯೇ ಇಳಿಯಿತು. ಮತ್ತೆ ಸ್ವಲ್ಪ ಇಳಿಯಿತು ಅವರದ್ದು, ಮತ್ತೆ ಇಳಿಯಿತು ನನ್ನದು. ಹೀಗೇ ಹೋದರೆ ಇಬ್ಬರೂ ನೆಲ ಮುಟ್ಟುತ್ತಿದ್ದೆವು. ಕೊನೆಗೆ ಅವರ ಕೈ ನಿಂತಿತು. ಪ್ರಸಾದ ಇಟ್ಟೆ. ನನ್ನ ಬೆರಳುಗಳು ಅವರ ಅಂಗೈ ಮೇಲೆ, ಎಲ್ಲರಿಗೂ ಕಾಣುವಷ್ಟು ಹೊತ್ತು ಇದ್ದವು. ಅವರು ಅದನ್ನು ಎಡಗೈಗೆ ದಾಟಿಸಿ, ನಾನು ಎರೆದ ತೀರ್ಥ ಕುಡಿದರು. ಗಂಟಲು ಮೇಲೆದ್ದು ಇಳಿಯಿತು. ಗಂಧವನ್ನು ಹಣೆಗೆ ಹಚ್ಚಿಕೊಂಡರು.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಕೆಲವರು ಕಂಬದ ಹಿಂದಿನಿಂದ ಮೆಲ್ಲಗೆ ಜಾರಿಕೊಂಡರು. ಅವರ ಮುಖ ನನಗೆ ನೆನಪಿದೆ, ಮರೆಯುವ ಉದ್ದೇಶವೂ ಇಲ್ಲ. ಪೊನ್ನಪ್ಪ ಪ್ರಸಾದ ಹಿಡಿದು, "ಈಗ ಕಾಲು ನೋಡಿದಿರಲ್ಲ ಭಟ್ರೇ? ಸಮಾಧಾನ ಆಯ್ತಾ?" ಎಂದರು. ನಾನು ತಲೆ ತಗ್ಗಿಸಿದೆ. ಸೆಲ್ವಿಯ ಬಿಳಿ ಅಂಗೈಯಲ್ಲಿ ನನ್ನ ಬಿಳಿ ಬೆರಳು ಎಲ್ಲಿದೆ ಎಂದು ನನಗೇ ಒಂದು ಕ್ಷಣ ತಿಳಿಯಲಿಲ್ಲ. ಅವಳು ಹೂವನ್ನು ಮುಡಿದುಕೊಂಡಳು.

ಹೊರಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಯಾರೋ ನೀರು ಹಾಕಿಕೊಂಡು ಏನನ್ನೋ ತೊಳೆದುಕೊಳ್ಳುತ್ತಿದ್ದರು. ಕಾಲು ತೊಳೆಯುವವರು ಇರಬಹುದು. ಮುತ್ತಪ್ಪನವರೂ ಇರಬಹುದು. ಬಗ್ಗಿ ನೋಡಿದ್ದರೆ ಕಾಣುತ್ತಿತ್ತು, ನಾನು ನೋಡಲಿಲ್ಲ.

ಬೇರೆ ಭಟ್ಟರನ್ನು ಕರೆಸುವ ಮಾತು ಆಮೇಲೆ ಬಂದಿಲ್ಲ. ಮುಂದೆ ಬರುವುದಿಲ್ಲವೆಂದು ನಂಬಿ ಕೂತವನೂ ನಾನಲ್ಲ. ಹಣೆಯ ಬಣ್ಣ ಚುಕ್ಕಿ ಚುಕ್ಕಿಯಾಗಿ ವಾಪಸ್ ಬಂದಿದೆ, ತುಟಿಯದ್ದು ಅರ್ಧ. ಬೆರಳ ತುದಿಗಳು ಡಾಕ್ಟರು ಹೇಳಿದಂತೆ ಹಾಗೇ ಇವೆ. ಯಾರಾದರೂ ಚರ್ಮದ ತೊಂದರೆ ಹೇಳಿಕೊಂಡು ನಾಗನ ಬನಕ್ಕೆ ಬಂದರೆ ಪೂಜೆ ಮಾಡಿಕೊಡುತ್ತೇನೆ, ವಿರಾಜಪೇಟೆಯ ಬಸ್ಸು ಎಷ್ಟು ಹೊತ್ತಿಗೆ ಎಂದೂ ಹೇಳುತ್ತೇನೆ. ಅಲ್ಲಿಯ ಬೆಂಚಿನಲ್ಲಿ ಜಾಗವಿದೆ.

ಸಂಕ್ರಮಣದ ಮುಂದಿನ ವಾರ ನಾನು ಅಲ್ಲಿಗೆ ಹೋದೆ. ಪಂಚೆಯಲ್ಲೇ, ಟೋಪಿ ಇಲ್ಲದೆ. ಇಬ್ಬರೂ ಇದ್ದರು. ಪೊನ್ನಪ್ಪ ಸರಿದು ಜಾಗ ಕೊಟ್ಟರು. ಸೆಲ್ವಿ ಪೇಪರು ಬಿಚ್ಚಿ ಮೂರು ಲೋಟ ತೆಗೆದು, ಮೂರಕ್ಕೂ ಟೀ ಬಗ್ಗಿಸಿದಳು. ಬೇಕಾ ಎಂದು ಕೇಳಲಿಲ್ಲ. ಒಂದು ಲೋಟವನ್ನು ನನ್ನ ಕೈಗೇ ಕೊಟ್ಟಳು. ನಾನು ಅದನ್ನು ಬಾಯಿಗೆ ತಂದೆ. ತಲೆ ಎತ್ತಿದರೆ ಇಬ್ಬರೂ ಮಾತು ನಿಲ್ಲಿಸಿ ನನ್ನ ಗಂಟಲನ್ನೇ ನೋಡುತ್ತಿದ್ದರು.

ನಾನು ನಿಧಾನವಾಗಿ ನುಂಗಿದೆ, ಅವರಿಗೆ ಕಾಣುವ ಹಾಗೆ.